ಡನ್‌ಬ್ರೇ ಮನೆಯ ಹೆಂಗಸರು ಹೇಳುವ ಕತೆ

ಏಪ್ರಿಲ್ ಕೊನೆಯ ಸಂಜೆ ಈ ಸ್ವೀಡನ್ ದೇಶದವರು ಊರೂರಿನಲ್ಲೂ ಬೆಂಕಿ ಹಾಕುತ್ತಾರೆ. ಚಳಿಗಾಲವೆಲ್ಲ ಕೂಡಿಟ್ಟ ಕೊಂಬೆ, ಮುರಿದ ಕುರ್ಚಿ, ಒಣಗಿದ ಕ್ರಿಸ್‌ಮಸ್ ಮರ ಎಲ್ಲವನ್ನೂ ಗುಡ್ಡೆ ಹಾಕಿ ಹಚ್ಚಿ, ಸುತ್ತ ನಿಂತು ವಸಂತದ ಹಾಡು ಹೇಳುತ್ತಾರೆ. ನಮ್ಮೂರ ಕಾಮಣ್ಣನ ಬೆಂಕಿಯ ಹಾಗೇ, ಬೈಗುಳ ಮಾತ್ರ ಇಲ್ಲ. ವೆಸ್ಟೆರಾಸ್‌ಗೆ ಬಂದ ಮೇಲೆ ಪ್ರತಿವರ್ಷ ನಾವೂ ಕೆರೆ ದಂಡೆಗೆ ಹೋಗಿ ನೋಡುತ್ತೇವೆ. ಈ ಸಲ ಗಾಳಿ ತಿರುಗಿ ಹೊಗೆ ನೇರ ನಮ್ಮ ಮುಖಕ್ಕೇ ಬಂತು. ಮಗಳು ಝೋಯಾ ಕೆಮ್ಮುತ್ತಾ ನಕ್ಕಳು. ಪೈನ್ ಮರದ ಅಂಟು ಸುಟ್ಟ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ನಾನು ಮನೆಗೆ ಹೋಗ್ತೀನಿ, ನೀವು ಆಮೇಲೆ ಬನ್ನಿ" ಎಂದು ಗಂಡನಿಗೆ ಹೇಳಿ ಹೊರಟುಬಿಟ್ಟೆ. ಅಫ್ಜಲ್ ಯಾಕೆ ಅಂತ ಕೇಳಲಿಲ್ಲ. ಅವರಿಗೂ ಆ ವಾಸನೆ ಗೊತ್ತು.

ಅದು ಎರಡು ಸಾವಿರದ ಹದಿನೆಂಟರ ಬೇಸಿಗೆಯ ವಾಸನೆ. ಆಗ ನಾವು ಸ್ಯಾಂಡ್‌ವಿಕೆನ್‌ನಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿದ್ದೆವು. ಅಫ್ಜಲ್ ಉಕ್ಕಿನ ಕೆಲಸದ ಎಂಜಿನಿಯರ್. ಕಾರ್ಖಾನೆಗಳಿಗೆ ಜನ ಕಳಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ನಾನು ಭದ್ರಾವತಿಯವಳು, ನಮ್ಮಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲೇ ಜೀವ ಸವೆಸಿದವರು. ನಮ್ಮ ತವರಲ್ಲಿ ಮಾತು ಉರ್ದು. ಅಫ್ಜಲ್ ರಾಣೆಬೆನ್ನೂರಿನವರು, ಅವರ ಮನೆಯಲ್ಲಿ ಕನ್ನಡವೇ. ಮದುವೆಯಾದ ಹೊಸದರಲ್ಲಿ ನಮ್ಮ ಜಗಳದ ಭಾಷೆ ಕನ್ನಡವಾಯಿತು. ಆಮೇಲೆ ಜಗಳವೇ ಜಾಸ್ತಿಯಾಗಿ ಮನೆಯ ಭಾಷೆಯೇ ಅದಾಯಿತು ಅಂತ ನಾನು ತಮಾಷೆ ಮಾಡುವುದುಂಟು.

ನಾವು ಬಾಡಿಗೆಗೆ ಇದ್ದದ್ದು ಡನ್‌ಬ್ರೇ ಕುಟುಂಬದ ಬಂಗಲೆಯ ಒಂದು ಪಕ್ಕದಲ್ಲಿ. ಹಿಂದೆ ಅಲ್ಲಿ ಕಬ್ಬಿಣ ಕರಗಿಸುತ್ತಿದ್ದರಂತೆ. ಕುಲುಮೆಯಿಂದ ಬಂದ ಕಿಟ್ಟವನ್ನೇ ಅಚ್ಚು ಹಾಕಿ ಇಟ್ಟಿಗೆ ಮಾಡಿ ಕಟ್ಟಿದ ಗೋಡೆಗಳು, ಬಿಸಿಲು ಬಿದ್ದರೆ ನೀಲಿಯಾಗಿ ಹೊಳೆಯುತ್ತಿದ್ದವು. ನಮ್ಮೂರಲ್ಲಿ ಇದನ್ನು ತಿಪ್ಪೆಗೆ ಹಾಕ್ತಾರೆ, ಇವರು ಬಂಗಲೆ ಕಟ್ಟಿದ್ದಾರೆ ನೋಡು ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ.

ಬಂಗಲೆಯಲ್ಲಿ ಇದ್ದವರು ಒಬ್ಬರೇ ಒಬ್ಬರು, ಮಾರ್ಗರೇತ. ಎಂಬತ್ತು ದಾಟಿದ ಮುದುಕಿ, ಮದುವೆಯಾಗದವರು, ಬೆನ್ನು ನೆಟ್ಟಗೆ, ನಾಲಿಗೆಯೂ ನೆಟ್ಟಗೆ. ಇಲ್ಲಿ ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುವುದು. ಏಳು ವರ್ಷದ ಝೋಯಾ "ಮಾರ್ಗರೇತ!" ಎಂದು ಕೂಗಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ನಾನು ಮಾತ್ರ ಮನಸ್ಸಿನಲ್ಲೇ ಮಾರ್ಗರೇತಜ್ಜಿ ಅನ್ನುತ್ತಿದ್ದೆ. ಅವರು ನನ್ನ ಜೊತೆ ಇಂಗ್ಲಿಷ್ ಆಡುತ್ತಿದ್ದರು, ನಡುನಡುವೆ ನನಗೆ ಪಾಠವಾಗಲಿ ಅಂತ ಸ್ವೀಡಿಷ್. ದಿನಾ ಮಧ್ಯಾಹ್ನ ಫಿಕಾಗೆ, ಅಂದರೆ ಕಾಫಿ ತಿಂಡಿಗೆ, ಅವರ ಅಡುಗೆಮನೆಯಲ್ಲಿ ಇಬ್ಬರೂ ಸೇರುತ್ತಿದ್ದೆವು. ಅವರ ಬಿಸ್ಕತ್ತು ಕಲ್ಲು, ನನ್ನ ಶಂಕರಪೋಳಿ ಅವರಿಗೆ ಪ್ರಾಣ.

ಆ ಮನೆಯ ಹಜಾರದ ಉದ್ದಕ್ಕೂ ಚಿತ್ರಗಳು. ಮೊದಲನೆಯದು ಆಲೆಸಾಂಡರ್. ಸುಮಾರು ನಾನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಿಂದ ಸ್ವೀಡನ್ ರಾಜನ ಯುದ್ಧಕ್ಕೆ ಕೂಲಿ ಸಿಪಾಯಿಯಾಗಿ ಬಂದವನು. ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದು ಕುಲುಮೆಯ ಯಜಮಾನನಾದ. ಅವನ ಮೊಮ್ಮಗನಿಗೆ ರಾಜ ಬಿರುದು ಕೊಟ್ಟ, ಶ್ರೀಮಂತರ ಸಭೆಯಲ್ಲಿ ಕುರ್ಚಿ ಕೊಟ್ಟ. ಅಲ್ಲಿಂದ ಹಿಡಿದು ಪ್ರತಿ ತಲೆಮಾರಿನಲ್ಲೂ ಡನ್‌ಬ್ರೇ ಒಬ್ಬ ರಾಜಕೀಯದಲ್ಲಿ ಇದ್ದೇ ಇದ್ದಾನೆ. ಒಬ್ಬ ಕೆಲಸಗಾರರ ಮಕ್ಕಳಿಗೆ ಶಾಲೆ ಕಟ್ಟಿಸಿದ. ಒಬ್ಬ ಮಂತ್ರಿಯಾದ. ಮಂತ್ರಿಯ ಪಕ್ಕದಲ್ಲಿ ಗೋಡೆ ಖಾಲಿ. ಗೋಡೆಗೆ ಅಂಟಿಸಿದ ಕಾಗದ ಸುತ್ತಲೂ ಮಾಸಿ, ಚೌಕಟ್ಟಿನಷ್ಟು ಜಾಗ ಮಾತ್ರ ಬೆಳ್ಳಗಿತ್ತು.

"ಇಲ್ಲಿ ಯಾರಿದ್ದರು?" ಎಂದು ಕೇಳಿದ್ದೆ.

"ನಮ್ಮ ದೊಡ್ಡಪ್ಪ. ಮೂವತ್ತರ ದಶಕದಲ್ಲಿ ಜರ್ಮನಿಯಿಂದ ಅತಿಥಿಗಳನ್ನ ಕರೆಸ್ತಿದ್ದ. ಒಳ್ಳೆ ಬಟ್ಟೆ, ಒಳ್ಳೆ ನಡತೆ, ಆ ಅತಿಥಿಗಳದು. ನಾನು ಚಿಕ್ಕವಳು, ಅವರ ಚಾಕ್ಲೇಟ್ ತಿಂದಿದೀನಿ ಅಂತ ಅಮ್ಮ ಹೇಳ್ತಿದ್ದಳು." ಅಷ್ಟು ಹೇಳಿ ಅಜ್ಜಿ ಕಾಫಿ ಬಗ್ಗಿಸಿದರು.

ಸಾಲಿನ ಕೊನೆಗೆ ಅವರ ತಮ್ಮನ ಚಿತ್ರ. ಆ ತಮ್ಮನ ಮಗ ಹೆನ್ರಿಕ್‌ಗೆ ಇನ್ನೂ ಚಿತ್ರವಿರಲಿಲ್ಲ, ಗೋಡೆಯಲ್ಲಿ ಜಾಗವಿತ್ತು. ಅವನು ಆಗ ಕೊಮ್ಯೂನ್‌ನಲ್ಲಿ, ನಮ್ಮ ಕಡೆಯ ಪುರಸಭೆ ಇದ್ದ ಹಾಗೆ, ದೊಡ್ಡ ಸದಸ್ಯ. ಸೈಕಲ್ಲಿನಲ್ಲಿ ಬರುತ್ತಿದ್ದ, ಝೋಯಾಗೆ ಸ್ಟ್ರಾಬೆರಿ ತರುತ್ತಿದ್ದ, ನಮ್ಮ ಮನೆಯ ಇಂಟರ್ನೆಟ್ ಕೆಟ್ಟರೆ ತಾನೇ ಕೂತು ಸರಿಮಾಡುತ್ತಿದ್ದ. ಆ ವರ್ಷ ಸೆಪ್ಟೆಂಬರಿನಲ್ಲಿ ಚುನಾವಣೆ. ತಲೆತಲಾಂತರದ ಪಕ್ಷ ಬಿಟ್ಟು ಹೊರಗಿನವರು ಸಾಕು ಎನ್ನುವ ಹೊಸ ಪಕ್ಷಕ್ಕೆ ಅವನು ಸೇರಿದ್ದ. ಅಂಥ ಒಳ್ಳೆ ಮನುಷ್ಯ ಅದು ಹೇಗೆ ಅಲ್ಲಿ ಹೋದ ಅಂತ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಮೇ ತಿಂಗಳಲ್ಲೇ ಸೆಖೆ ಶುರುವಾಯಿತು. ಮೊದಮೊದಲು ಎಲ್ಲರಿಗೂ ಹಬ್ಬ. ಹುಲ್ಲಿನ ಮೇಲೆ ಮಲಗಿದ್ದೇ ಮಲಗಿದ್ದು. ಜೂನ್ ಬಂತು, ಮಳೆಯಿಲ್ಲ. ಹುಲ್ಲು ಕಂದಿತು. ಬರ್ಚ್ ಮರಗಳು ಆಗಲೇ ಎಲೆ ಉದುರಿಸಿದವು. ಗಾರ್ಡನ್ನಿನಲ್ಲಿ ಒಲೆ ಹಚ್ಚಬಾರದು ಅಂತ ಹುಕುಂ ಆಯಿತು. ಜುಲೈನಲ್ಲಿ ವಾಯವ್ಯದ ಕಾಡುಗಳಿಗೆ ಬೆಂಕಿ ಬಿದ್ದು, ಅದರ ಹೊಗೆ ನಮ್ಮ ಹಳ್ಳಿಗೂ ಬಂತು. ಸೂರ್ಯ ತಾಮ್ರದ ತಟ್ಟೆಯಂತೆ ನೇತುಬಿದ್ದಿತ್ತು. ಪರದೇಶದ ವಿಮಾನಗಳು ಕೆರೆಯಿಂದ ನೀರು ಮೊಗೆದುಕೊಂಡು ಮನೆಗಳ ಮೇಲೆ ಹಾದುಹೋಗುತ್ತಿದ್ದವು. ಒಗೆದ ಬಟ್ಟೆ ಹೊರಗೆ ಹಾಕಿದರೆ ಸಂಜೆಗೆ ಹೊಗೆ ನಾತ. ಜನ ಮಾತು ಕಡಿಮೆ ಮಾಡಿದರು.

ಆ ಬೇಸಿಗೆಯಲ್ಲೇ ನಮ್ಮ ಅರ್ಜಿಗೆ ಉತ್ತರ ಬಂದದ್ದು. ಕೆಲಸದ ಪರವಾನಗಿ ಮುಂದುವರಿಸಲಾಗದು, ದೇಶ ಬಿಡಬೇಕು. ಕಾರಣ ಓದಿ ನಾನು ಮೊದಲು ನಕ್ಕೆ. ಅಫ್ಜಲ್ ಸಾಕಷ್ಟು ರಜೆ ತೆಗೆದುಕೊಂಡಿರಲಿಲ್ಲ!

"ಏನ್ರೀ ಇದು? ರಜಾ ಹಾಕ್ದೇ ದುಡಿದಿದ್ದಕ್ಕೆ ಯಾರಾದ್ರೂ ಓಡಿಸ್ತಾರಾ?"

ಅಫ್ಜಲ್ ನಗಲಿಲ್ಲ. ನಡೆದದ್ದು ಇಷ್ಟೇ. ಇಲ್ಲಿ ಜುಲೈ ಬಂತೆಂದರೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ರಜೆಗೆ ಹೋಗುತ್ತದೆ. ಇವರು ಹಿಂದಿನ ಎರಡು ವರ್ಷವೂ "ನೀವು ಹೋಗ್ಬನ್ನಿ, ನಿಮ್ಮ ಮಕ್ಕಳ ಜೊತೆ ಇರಿ, ನಾನು ನೋಡ್ಕೋತೀನಿ" ಎಂದು ಎಲ್ಲರ ಪಾಳಿಯನ್ನೂ ಮೈಮೇಲೆ ಎಳೆದುಕೊಂಡಿದ್ದರು. ನಮ್ಮ ಕಡೆ ಒಳ್ಳೆ ಕೆಲಸಗಾರ ಅಂದರೆ ಇದೇ ಅಲ್ಲವೇ? ಮ್ಯಾನೇಜರ್ ಬೆನ್ನು ತಟ್ಟಿ ಭೇಷ್ ಅಂದಿದ್ದ. ಕಾನೂನಿನ ಪ್ರಕಾರ ರಜೆ ಕೊಡದೆ ದುಡಿಸಿದ್ದು ಕಂಪನಿಯ ತಪ್ಪು. ಆದರೆ ದೇಶ ಬಿಡಬೇಕಾದವರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದು. ವಕೀಲರ ಮೂಲಕ ಕೋರ್ಟಿಗೆ ಮೇಲ್ಮನವಿ ಹಾಕಿ, ಕಾಯುತ್ತಾ ಕೂತೆವು.

ಕಾಯುವುದು ಅಂದರೆ ಏನು ಅಂತ ಆಗ ಗೊತ್ತಾಯಿತು. ಬಾಗಿಲ ಸಂದಿಯಿಂದ ಟಪಾಲು ಬಿದ್ದ ಸದ್ದಿಗೇ ಒಲೆ ಆರಿಸಿ ಓಡುತ್ತಿದ್ದೆ. ಝೋಯಾಗೆ ಹೇಳಿರಲಿಲ್ಲ. ಅವಳು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಆದರೆ ಬೆಳೆದದ್ದೆಲ್ಲ ಇಲ್ಲಿನ ದಾಗಿಸ್‌ನಲ್ಲಿ, ಇಲ್ಲಿನ ಬಾಲವಾಡಿ ಅದು. ಕನಸಿನಲ್ಲೂ ಸ್ವೀಡಿಷ್ ಬಡಬಡಿಸುತ್ತಿದ್ದಳು. ಅಫ್ಜಲ್‌ಗೆ ಊರಿಗೆ ವಾಪಸು ಹೋಗುವುದೆಂದರೆ ಸೋತು ಹೋಗುವುದು. "ಏನಂತ ಹೇಳ್ಲಿ ನಮ್ಮಣ್ಣಂಗೆ? ಜಾಸ್ತಿ ಕೆಲಸ ಮಾಡ್ದೆ ಅಂತ ಕಳಿಸಿದ್ರು ಅಂತಾನಾ? ನಂಬ್ತಾರಾ ಯಾರಾದ್ರೂ?" ಎಂದು ಗೋಡೆ ನೋಡಿಕೊಂಡು ಕೇಳುತ್ತಿದ್ದರು.

ನನಗೆ ಆಗ ಇದ್ದ ಒಬ್ಬಳೇ ಗೆಳತಿ ಹನಾನ್. ಸಿರಿಯಾದವಳು, ಸ್ವೀಡಿಷ್ ಕ್ಲಾಸಿನಲ್ಲಿ ನನ್ನ ಪಕ್ಕದ ಕುರ್ಚಿ. ಡನ್‌ಬ್ರೇ ಒಬ್ಬ ಕಟ್ಟಿಸಿದ ಆ ಹಳೆಯ ಶಾಲೆ ಈಗ ಆಶ್ರಯ ಕೇಳಿ ಬಂದವರ ವಸತಿ. ಅಲ್ಲಿ ಒಂದು ಕೋಣೆಯಲ್ಲಿ ಹನಾನ್, ಅವಳ ಗಂಡ ಸಮೀರ್, ಝೋಯಾಳ ಜೊತೆ ಆಡುತ್ತಿದ್ದ ಅವರ ಪುಟ್ಟ ಮಗ. ನನ್ನ ಬಿರಿಯಾನಿಗೆ ಅವಳು ಮೂಗು ಮುರಿಯುತ್ತಿದ್ದಳು, ಅವಳ ಅನ್ನಕ್ಕೆ ಉಪ್ಪಿಲ್ಲ ಖಾರವಿಲ್ಲ ಅಂತ ನಾನು. ಹಾಗಿದ್ದೂ ವಾರವಾರ ಡಬ್ಬಿ ಹೋಗುತ್ತಿತ್ತು, ಡಬ್ಬಿ ಬರುತ್ತಿತ್ತು. ಪಾತ್ರೆ ಖಾಲಿ ಹಿಂದಿರುಗಿಸಬಾರದು ಎನ್ನುವುದು ನಮ್ಮಲ್ಲಿ ಇದ್ದ ಹಾಗೇ ಅವರಲ್ಲೂ ಇದೆ. ಏನೂ ಇಲ್ಲದಿದ್ದರೆ ನಾಲ್ಕು ಖರ್ಜೂರವಾದರೂ ಹಾಕಿ ಕಳಿಸುತ್ತಿದ್ದಳು. ಸಮೀರ್‌ಗೆ ಕೆಲಸ ಮಾಡುವ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಸುಮ್ಮನೆ ಕೂತು ತಲೆ ಕೆಡುತ್ತದೆ ಅಂತ ಒಂದು ಪಿಜ್ಜಾ ಅಂಗಡಿಯಲ್ಲಿ ಕದ್ದುಮುಚ್ಚಿ ಪಾತ್ರೆ ತೊಳೆಯುತ್ತಿದ್ದ. ಇದನ್ನು ಹನಾನ್ ನನಗೆ ಹೇಳಿದ್ದಳು. ನಾನು ಊಟದ ಹೊತ್ತಿನಲ್ಲಿ ಅಫ್ಜಲ್‌ಗೆ ಹೇಳಿದ್ದೆ, ಪಾಪ ಮೇಷ್ಟ್ರಾಗಿದ್ದವನು ನೋಡಿ ಅಂತ.

ಆಗಸ್ಟಿನ ಒಂದು ಸಂಜೆ ಹೆನ್ರಿಕ್ ನಮ್ಮ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ. ನಮ್ಮ ವಿಷಯ ಅವನ ಅತ್ತೆ ಮಾರ್ಗರೇತ ಅವರಿಂದ ತಿಳಿಯಿತಂತೆ.

"ಇದು ನಾಚಿಕೆಗೇಡು," ಅಂದ. ಅವನ ಮುಖ ನಿಜಕ್ಕೂ ಕೆಂಪಗಾಗಿತ್ತು. "ನಿಮ್ಮಂಥವರನ್ನ ಕಳಿಸಬೇಕು ಅಂತ ನಾವು ಯಾವತ್ತೂ ಹೇಳಿಲ್ಲ. ನಾನು ಕೋರ್ಟಿಗೆ ಒಂದು ಪತ್ರ ಬರೀತೀನಿ, ಈ ಊರಿಗೆ ಅಫ್ಜಲ್ ಬೇಕು ಅಂತ. ಡನ್‌ಬ್ರೇ ಹೆಸರಿಗೆ ಇನ್ನೂ ಸ್ವಲ್ಪ ತೂಕ ಇದೆ."

ಅಫ್ಜಲ್‌ಗೆ ಕಣ್ಣಲ್ಲಿ ನೀರು ಬಂತು. ಹೆನ್ರಿಕ್ ಅವರ ಕೈ ಹಿಡಿದುಕೊಂಡು, ಹೋಗುವ ಮೊದಲು ಇನ್ನೊಂದು ಮಾತು ಹೇಳಿದ. ಬರುವ ಶನಿವಾರ ಮಧ್ಯಾಹ್ನ ಊರ ಸಭಾಭವನದಲ್ಲಿ ಒಂದು ಸಭೆಯಿದೆ, ಹಳೆಯ ಶಾಲೆಯ ಬಗ್ಗೆ. ಅಫ್ಜಲ್ ಬಂದು ಐದು ನಿಮಿಷ ತನ್ನ ಕತೆ ಹೇಳಲಿ. ದುಡಿಯುವ ಮನುಷ್ಯನ ಕತೆ ಜನಕ್ಕೆ ಗೊತ್ತಾಗಲಿ. "ಬಲವಂತ ಇಲ್ಲ. ನೀನು ಬಂದರೂ ಬರದಿದ್ದರೂ ಪತ್ರ ಬರೀತೀನಿ," ಅಂದ. ಅದೇ ನನ್ನನ್ನು ಹೆದರಿಸಿದ್ದು. ಕೊಡು ಕೊಳ್ಳು ಅಂದಿದ್ದರೆ ಬೈದು ಕಳಿಸಬಹುದಿತ್ತು.

ಮಾರನೆಯ ದಿನ ಫಿಕಾಗೆ ಹೋದಾಗ ಮಾರ್ಗರೇತಜ್ಜಿ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಹೊಗೆ ಅಷ್ಟಿತ್ತು. ಕಾಫಿಯನ್ನೂ ಮಾಡಿರಲಿಲ್ಲ.

"ನಿನ್ನೆ ಹೆನ್ರಿಕ್ ನಿಮ್ಮ ಮೆಟ್ಟಿಲ ಮೇಲೆ ನಿಂತಿದ್ದನ್ನ ನೋಡಿದೆ," ಅಂದರು. "ಕೂತ್ಕೋ. ಆಲೆಸಾಂಡರ್ ಇಲ್ಲಿ ಹೇಗೆ ಉಳಿದ ಅಂತ ನಿನಗೆ ಹೇಳಿದೀನಾ?"

"ಹೇಳಿದೀರಲ್ಲ. ಫಿರಂಗಿ ಗುಂಡು ಎರಕ ಹೊಯ್ಯೋದು ಅವನೊಬ್ಬನಿಗೇ ಬರ್ತಿತ್ತು ಅಂತ."

"ಅದು ಗಂಡಸರ ಕತೆ. ವಂಶದವರೆಲ್ಲ ಸೇರಿದಾಗ ಊಟದ ಮೇಜಿನ ತಲೆಗೆ ಕೂತವನು ಎದ್ದು ನಿಂತು ಹೇಳೋದು. ಇನ್ನೊಂದಿದೆ. ಈ ಮನೆಗೆ ಬಂದ ಸೊಸೆಗೆ ಅತ್ತೆ ಇದೇ ಅಡುಗೆಮನೆಯಲ್ಲಿ ಹೇಳೋದು. ನನಗೆ ಅಮ್ಮ ಹೇಳಿದ್ದಳು. ನನಗೆ ಸೊಸೆ ಇಲ್ಲ. ಹೆನ್ರಿಕ್‌ನ ಹೆಂಡತಿಗೆ ಹೇಳೋಣ ಅಂದ್ರೆ ಅವಳು ಬಿಟ್ಟು ಹೋದಳು."

ಅವರು ಹೇಳಿದ ಕತೆ ಇದು. ಯುದ್ಧ ಮುಗಿದಾಗ ರಾಜನಿಗೆ ಪರದೇಶದ ಸಿಪಾಯಿಗಳು ಬೇಡವಾದರು. ಹಿಮ ಬೀಳುವುದರೊಳಗೆ ಎಲ್ಲರೂ ದೇಶ ಬಿಡಬೇಕು ಅಂತ ಆಜ್ಞೆಯಾಯಿತು. ಹೋಗಲು ಕೆಲವರಿಗೆ ಊರೇ ಉಳಿದಿರಲಿಲ್ಲ. ಆಲೆಸಾಂಡರನ ಜೊತೆಯವರು ಒಂದಷ್ಟು ಜನ ಕಾಡಿನಲ್ಲಿ ಇದ್ದಿಲು ಸುಡುವವರ ಗುಡಿಸಲುಗಳಲ್ಲಿ ಅಡಗಿದರು. ಕುಲುಮೆಯ ಯಜಮಾನ ಸತ್ತು ಹೆಂಡತಿ ಒಬ್ಬಳೇ ಇದ್ದಳು. ಆ ವಿಧವೆ ಬ್ರೆಡ್ ಬೇಯಿಸಿ ಆಲೆಸಾಂಡರನ ಕೈಯಲ್ಲಿ ಅವರಿಗೆ ಕಳಿಸುತ್ತಿದ್ದಳು. ಅವನು ಕಾಡಂಚಿನಲ್ಲಿ ನಿಂತು ಅವರ ಊರಿನ ಒಂದು ಹಾಡನ್ನು ಶಿಳ್ಳೆ ಹಾಕಿದರೆ ಅವರು ಹೊರಗೆ ಬರುತ್ತಿದ್ದರು. ಒಂದು ದಿನ ರಾಜನ ಅಮಲ್ದಾರ ಅವನನ್ನು ಹಿಡಿದು ಕೇಳಿದ: ನಿನಗೆ ಇಲ್ಲಿ ಉಳಿಯುವ ಆಸೆ ಇದೆಯೇನು? ಮರುದಿನ ಆಲೆಸಾಂಡರ್ ಬ್ರೆಡ್ಡಿನ ಚೀಲ ಹೊತ್ತು ಎಂದಿನ ಹಾಗೆ ಹೋದ. ಅಮಲ್ದಾರನ ಜನ ಹಿಂದೆ ಮರಗಳ ಮರೆಯಲ್ಲಿದ್ದರು. ಅವನು ಶಿಳ್ಳೆ ಹಾಕಿದ.

"ಆಮೇಲೆ ಅವರಿಗೆ ಏನಾಯ್ತು?"

"ಅದನ್ನ ಹೇಳೋ ಪದ್ಧತಿ ಇಲ್ಲ."

"ಆ ಹೆಂಗಸು? ಇದೆಲ್ಲ ಗೊತ್ತಿದ್ದೂ ಅವನನ್ನ ಮದುವೆ ಆದಳಾ?"

"ಚಳಿಗಾಲ ಬರ್ತಾ ಇತ್ತು, ನಸೀಮಾ. ಕುಲುಮೆಗೆ ಗಂಡಸು ಬೇಕಿತ್ತು." ಅಜ್ಜಿ ಎದ್ದು ಕಾಫಿ ಪಾತ್ರೆಗೆ ನೀರು ಹಿಡಿದರು. "ನಮ್ಮ ವಂಶದಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ಎಲ್ಲರೂ ಚಳಿಗಾಲಕ್ಕೆ ಹೆದರಿದವರು."

ಆ ಸಂಜೆ ನಾನು ಅಫ್ಜಲ್‌ಗೆ ಇಡೀ ಕತೆ ಹೇಳಿ, ಸಭೆಗೆ ಹೋಗಬೇಡಿ ಅಂದೆ. ಅವರು ಸಿಟ್ಟಾದರು.

"ಯಾವುದೋ ಕಾಲದ ಸಿಪಾಯಿ ಕತೆ ತಗೊಂಡು ನಾನೇನು ಮಾಡ್ಲಿ? ನಾನು ಯಾರನ್ನ ಹಿಡಿದುಕೊಡ್ತಿದೀನಿ? ನನ್ನ ಕೆಲಸದ ಬಗ್ಗೆ ನಾಲ್ಕು ಮಾತಾಡ್ತೀನಿ ಅಷ್ಟೇ."

"ಆ ಸಭೆ ಯಾತಕ್ಕೆ ಅಂತ ನಿಮಗೆ ಗೊತ್ತಿಲ್ವಾ? ಶಾಲೆ ಮುಚ್ಚಿಸೋಕೆ. ಹನಾನ್ ಇದಾಳೆ ಅಲ್ಲಿ."

"ಝೋಯಾನೂ ಇದಾಳೆ ಇಲ್ಲಿ," ಅಂದರು. "ಅವಳನ್ನ ಕರ್ಕೊಂಡು ಹೋಗಿ ಯಾವ ಸ್ಕೂಲಿಗೆ ಸೇರಿಸ್ತೀಯ? ಕನ್ನಡ ಓದೋಕೆ ಬರಲ್ಲ, ಬರೆಯೋಕೆ ಬರಲ್ಲ. ನೀನೇ ಹೇಳು. ಹೋಗ್ಬೇಡ ಅಂದ್ರೆ ಹೋಗಲ್ಲ. ಆದ್ರೆ ಆಮೇಲೆ ಬೋರಿಯಾ ಬಿಸ್ತರ ಕಟ್ಟುವಾಗ ನನ್ನ ಮುಖ ನೋಡ್ಬೇಡ."

ನಿರ್ಧಾರವನ್ನು ನನ್ನ ತಲೆಗೆ ಕಟ್ಟಿದರಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು. ಗಂಡಸರಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಹೋಗಬೇಡಿ ಅಂತ ಮತ್ತೆ ಅನ್ನದೆ ಹೋಗಿ ಝೋಯಾಳ ಪಕ್ಕ ಮಲಗಿದೆ.

ಶನಿವಾರ ಸಭಾಭವನ ತುಂಬಿತ್ತು. ಕಿಟಕಿಗಳೆಲ್ಲ ಮುಚ್ಚಿ ಒಳಗೆ ಕುದಿ. ಕಾಫಿ, ದಾಲ್ಚಿನ್ನಿ ಬನ್ನು, ಬಿಳಿ ಮೇಜುಬಟ್ಟೆ, ಎಲ್ಲವೂ ಮದುವೆ ಮನೆಯಷ್ಟು ಅಚ್ಚುಕಟ್ಟು. ಒಬ್ಬರೂ ದನಿ ಏರಿಸಲಿಲ್ಲ. ಊರಲ್ಲಿ ಚುನಾವಣಾ ಸಭೆ ಅಂದರೆ ಗಂಟಲು ಹರಿಯುವ ಕೂಗಾಟ ಕೇಳಿ ಬೆಳೆದ ನನಗೆ ಆ ನಿಶ್ಶಬ್ದವೇ ಭಯ ಹುಟ್ಟಿಸಿತು. ಮೊದಲ ಸಾಲಿನಲ್ಲಿ ಮಾರ್ಗರೇತಜ್ಜಿ, ಕಪ್ಪು ಉಡುಪು. ಸಭೆ ಎಲ್ಲರಿಗೂ ತೆರೆದದ್ದು ಅಂತ ಬೋರ್ಡಿತ್ತಲ್ಲ, ಕೊನೆಯ ಸಾಲಿನಲ್ಲಿ ಶಾಲೆಯಿಂದಲೂ ನಾಲ್ಕೈದು ಜನ ಬಂದು ಕೂತಿದ್ದರು. ಅವರಲ್ಲಿ ಹನಾನ್. ನನ್ನನ್ನು ಕಂಡು ಕೈ ಎತ್ತಿ ನಕ್ಕಳು. ಅಫ್ಜಲ್ ತಮ್ಮ ಪರವಾಗಿ ಮಾತಾಡುತ್ತಾರೆ ಅಂತ ಅವಳು ಭಾವಿಸಿದ್ದಳು.

ಹೆನ್ರಿಕ್ ಆಲೆಸಾಂಡರನಿಂದಲೇ ಶುರು ಮಾಡಿದ. ನಮ್ಮ ಕುಟುಂಬವೂ ಹೊರಗಿನಿಂದ ಬಂದದ್ದೇ, ನಾವು ಅದನ್ನು ಮುಚ್ಚಿಡುವುದಿಲ್ಲ, ಆದರೆ ಆಲೆಸಾಂಡರ್ ಕೈಯಲ್ಲಿ ಕಸುಬು ಹಿಡಿದು ಬಂದ, ಕೈ ಚಾಚಿಕೊಂಡು ಬರಲಿಲ್ಲ ಅಂದ. ಜನ ತಲೆಯಾಡಿಸಿದರು. ಹತ್ತಿದ ಏಣಿಯನ್ನು ಇಷ್ಟು ನಯವಾಗಿ ಒದೆಯುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಆಮೇಲೆ ಅಫ್ಜಲ್‌ರನ್ನು ಕರೆದ.

ಅಫ್ಜಲ್ ಬಾಯಿಪಾಠ ಮಾಡಿದ್ದನ್ನು ಚೆನ್ನಾಗಿಯೇ ಹೇಳಿದರು. ಯಾರ ಬಗ್ಗೆಯೂ ಕೆಟ್ಟ ಮಾತಿಲ್ಲ. ರಾಣೆಬೆನ್ನೂರು, ಓದು, ಕಾರ್ಖಾನೆ, ರಜೆಯ ಕತೆ. ರಜೆಯ ಕತೆಗೆ ಜನ ನಕ್ಕರು, ಆಮೇಲೆ ಛೆ ಛೆ ಎಂದರು. ಚಪ್ಪಾಳೆ ಬಿತ್ತು. ಮುಗಿಯಿತಪ್ಪಾ ದೇವರೇ ಅಂತ ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ನಡುವಿನ ಸಾಲಿನಿಂದ ಒಬ್ಬ ಮುದುಕ ಎದ್ದ. ತುಂಬಾ ವಿನಯದಿಂದ ಕೇಳಿದ: "ನಿಮಗೆ ಶಾಲೆಯಲ್ಲಿ ಇರೋರ ಪರಿಚಯ ಇದೆಯಂತೆ. ಅವರು ಅನುಮತಿ ಇಲ್ಲದೆ, ತೆರಿಗೆ ಕಟ್ಟದೆ, ಅಲ್ಲಿ ಇಲ್ಲಿ ಕೆಲಸ ಮಾಡ್ತಾರೆ ಅಂತ ಜನ ಹೇಳ್ತಾರೆ. ಹೌದೇ?"

ಇಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಅಫ್ಜಲ್ ಸುಳ್ಳು ಹೇಳುವ ಮನುಷ್ಯನಲ್ಲ. ಒಂದು ಸಲ ಹೆನ್ರಿಕ್ ಕಡೆ ನೋಡಿದರು, ಒಂದು ಸಲ ಕೆಳಗೆ ನೋಡಿದರು.

"ಎಲ್ಲರೂ ಅಲ್ಲ," ಅಂದರು. "ಕೆಲವರು."

ಆ ಮುದುಕ ಥ್ಯಾಂಕ್ಸ್ ಹೇಳಿ ಕೂತ. ಯಾರೋ ಮೊಬೈಲಿನಲ್ಲಿ ಏನೋ ಬರೆದುಕೊಂಡರು. ಹೆನ್ರಿಕ್ ಮುಂದಿನ ಮಾತಿಗೆ ಹೋದ. ನಾನು ಹಿಂದೆ ತಿರುಗಿ ನೋಡಲಿಲ್ಲ. ಸಭೆ ಮುಗಿದು ಎದ್ದಾಗ ಕೊನೆಯ ಸಾಲು ಖಾಲಿಯಾಗಿತ್ತು.

ಮುಂದಿನ ವಾರದ ಊರಿನ ಪತ್ರಿಕೆಯಲ್ಲಿ ಅಫ್ಜಲ್‌ರ ಫೋಟೋ ಬಂತು. ಅವರ ಆ ಮಾತೇ ತಲೆಬರಹ. ಅದರ ಬೆನ್ನಿಗೇ ಸುತ್ತಲಿನ ಅಂಗಡಿಗಳಿಗೆಲ್ಲ ತಪಾಸಣೆಯವರು ಬಂದರು, ಪಿಜ್ಜಾ ಅಂಗಡಿಗೂ. ಸಮೀರ್ ಸಿಕ್ಕಿಬಿದ್ದ. ನಾನು ಹನಾನ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನನ್ನ ಸ್ಟೀಲ್ ಡಬ್ಬಿ ಇತ್ತು. ಚೆನ್ನಾಗಿ ತೊಳೆದಿದ್ದಳು. ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳು ಬಂದು ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೂ ಎಷ್ಟೋ ಮೇಲಿತ್ತು.

"ನಾನು ಸುಳ್ಳು ಹೇಳ್ಬೇಕಿತ್ತಾ?" ಎಂದು ಅಫ್ಜಲ್ ಕೇಳಿದರು. "ಹೆಸರು ಹೇಳಿದ್ನಾ ನಾನು? ಹೇಳಿಲ್ಲ."

ಚುನಾವಣೆಯಲ್ಲಿ ಹೆನ್ರಿಕ್ ಗೆದ್ದ. ಹೊಸ ಪಕ್ಷಕ್ಕೆ ನಮ್ಮ ಹಳ್ಳಿಯಲ್ಲಿ ಹಿಂದೆಂದೂ ಬೀಳದಷ್ಟು ಮತ ಬಿದ್ದವು. ಶಾಲೆಯ ವಸತಿ ಮುಚ್ಚುವ ನಿರ್ಧಾರವೂ ಬೇಗ ಆಯಿತು. ಅಲ್ಲಿದ್ದವರನ್ನು ಬೇರೆ ಬೇರೆ ಊರುಗಳಿಗೆ ಹಂಚಿದರು. ಹನಾನ್ ಎಲ್ಲಿಗೆ ಹೋದಳು ಅಂತ ಸ್ವೀಡಿಷ್ ಕ್ಲಾಸಿನಲ್ಲಿ ಕೇಳಿದೆ. ಉತ್ತರದ ಕಡೆ ಎಲ್ಲೋ ಅಂದರು. ಆ ಹೊತ್ತಿಗೆ ಮಳೆ ಬಂದು ಹೊಗೆ ಹೋಗಿ, ಗಾಳಿ ತೊಳೆದಿಟ್ಟಂತಿತ್ತು.

ನಮ್ಮ ತೀರ್ಪು ಬಂದದ್ದು ಮೊದಲ ಹಿಮ ಬಿದ್ದ ವಾರ. ಗೆದ್ದಿದ್ದೆವು. ಕಂಪನಿಯ ಒಂದು ತಪ್ಪಿಗೆ ಕೆಲಸಗಾರನನ್ನು ಶಿಕ್ಷಿಸಬಾರದು, ಒಟ್ಟಾರೆ ನೋಡಬೇಕು, ಉಳಿಯಬಹುದು. ಅಫ್ಜಲ್ ಝೋಯಾಳನ್ನು ಎತ್ತಿಕೊಂಡು ಮನೆ ತುಂಬಾ ಕುಣಿದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬಾ ಉಂಡೆ. ಆಮೇಲೆ ವಕೀಲೆಗೆ ಧನ್ಯವಾದ ಹೇಳಲು ಫೋನ್ ಮಾಡಿದಾಗ ಅಫ್ಜಲ್ ಸ್ಪೀಕರ್ ಹಾಕಿ, ಹೆನ್ರಿಕ್ ಡನ್‌ಬ್ರೇ ಅವರ ಪತ್ರದಿಂದ ತುಂಬಾ ಅನುಕೂಲವಾಗಿರಬೇಕು ಅಲ್ಲವೇ ಅಂತ ಕೇಳಿದರು.

"ಓ, ಆ ಪತ್ರ," ಅಂದಳು ವಕೀಲೆ. "ಕೋರ್ಟು ಅಂಥದ್ದನ್ನೆಲ್ಲ ಲೆಕ್ಕಕ್ಕೆ ತಗೊಳ್ಳಲ್ಲ. ನಿಮ್ಮಂಥದೇ ಒಂದು ಕೇಸಿನಲ್ಲಿ ಮೇಲಿನ ಕೋರ್ಟು ಹಿಂದಿನ ವರ್ಷವೇ ದಾರಿ ತೋರಿಸಿತ್ತು. ನೀವು ಹೇಗಿದ್ರೂ ಗೆಲ್ತಿದ್ರಿ. ನಾನು ಮೊದಲೇ ಹೇಳಿದ್ನಲ್ಲ, ಧೈರ್ಯವಾಗಿರಿ ಅಂತ?"

ಹೇಳಿದ್ದಳು. ನಾವು ಅದನ್ನು ಎಲ್ಲ ವಕೀಲರೂ ಹೇಳುವ ಮಾತು ಅಂದುಕೊಂಡಿದ್ದೆವು. ಅಫ್ಜಲ್ ಫೋನ್ ಇಟ್ಟು, ಶೂ ಹಾಕಿಕೊಂಡು ಹೊರಗೆ ಹೋದರು. ತುಂಬಾ ಹೊತ್ತು ಬರಲಿಲ್ಲ.

ಮರುವರ್ಷ ವೆಸ್ಟೆರಾಸ್‌ನಲ್ಲಿ ಕೆಲಸ ಸಿಕ್ಕಿ ಆ ಮನೆ ಬಿಟ್ಟೆವು. ಹೊರಡುವ ದಿನ ಮಾರ್ಗರೇತಜ್ಜಿ ನನ್ನನ್ನು ಅಪ್ಪಿಕೊಂಡರು. ಆ ಸಭೆಯ ಬಗ್ಗೆ ಅವರು ನನ್ನೆದುರು ಒಂದು ಮಾತೂ ಆಡಿರಲಿಲ್ಲ. ಅವತ್ತು ಮಾತ್ರ ಕಿವಿಯ ಹತ್ತಿರ ಬಾಯಿ ತಂದು, "ನಿನಗೆ ಮಗಳಿದಾಳೆ. ಹೇಳ್ತೀಯ ತಾನೇ?" ಅಂದರು. ನಾನು ಹೂಂ ಅಂದೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಝೋಯಾಗೆ ಈಗ ಹನ್ನೆರಡು. ಬೆಂಕಿ ಹಬ್ಬದ ಮರುವಾರ ಅವಳಿಗೆ ಶಾಲೆಯಲ್ಲಿ ಒಂದು ಹೋಮ್‌ವರ್ಕ್ ಕೊಟ್ಟರು: ನಿಮ್ಮ ಕುಟುಂಬ ಸ್ವೀಡನ್ನಿಗೆ ಬಂದು ಹೇಗೆ ಇಲ್ಲಿ ನೆಲೆಸಿತು, ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಊಟದ ಮೇಜಿನ ಮೇಲೇ ಪೆನ್ನು ಹಿಡಿದು ಕೂತಳು. ಅಫ್ಜಲ್ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು.

"ಪಪ್ಪಾ ತುಂಬಾ ಕೆಲಸ ಮಾಡ್ತಿದ್ರು," ಅಂದೆ. "ರಜಾನೇ ಹಾಕ್ತಿರ್ಲಿಲ್ಲ. ಅದಕ್ಕೇ ಒಂದು ತೊಂದ್ರೆ ಆಯ್ತು. ಕೋರ್ಟಿಗೆ ಹೋದ್ವಿ, ಗೆದ್ವಿ."

ಝೋಯಾಗೆ ರಜೆಯ ಕತೆ ಕೇಳಿ ನಗು ತಡೆಯಲಾಗಲಿಲ್ಲ. ಸ್ವೀಡಿಷಿನಲ್ಲಿ ಸರಸರ ಬರೆದುಕೊಂಡಳು. ಆಮೇಲೆ ತಲೆ ಎತ್ತಿ, "ಅಲ್ಲಿ ನಂಗೆ ಒಬ್ಬ ಫ್ರೆಂಡ್ ಇದ್ದ ಅಲ್ವಾ ಮಮ್ಮಿ? ಆ ಸ್ಕೂಲಲ್ಲಿ ಇದ್ದಿದ್ದು. ಹನಾನ್ ಆಂಟಿ ಮಗ. ಅವರು ಯಾಕೆ ಹೋದ್ರು?" ಅಂದಳು.

"ಅವರಿಗೆ ಬೇರೆ ಕಡೆ ಮನೆ ಸಿಕ್ತು," ಅಂದೆ.

ಅಫ್ಜಲ್ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಝೋಯಾ ಅದನ್ನೂ ಬರೆದುಕೊಂಡಳು.